ಚೀಲದೊಳಗಿನ ಕಾವು

ಮೊನ್ನೆ ಬೆಳಿಗ್ಗೆ ಜೋಳದ ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಮೊಳಕೈವರೆಗೆ ಕೈ ಇಳಿಸಿದೆ. ಒಳಗೆ ಬೆಚ್ಚಗಿತ್ತು. ಹೀಗೆ ಕೈ ಇಳಿಸಿ ನೋಡುವುದನ್ನು ನನಗೆ ಕಲಿಸಿದವರು ಗುಡಗೇರಿಯ ನಮ್ಮ ಬಾಜು ಮನೆಯ ಕಾಕಾ. ಕಾಳಿನ ವ್ಯಾಪಾರಿ.

“ಕಾವು ಎರಡು ನಮೂನಿ ಇರತೈತ್ರಿ ಮಾಸ್ತರ,” ಎನ್ನುತ್ತಿದ್ದರು. “ಹುಳಾ ಬಿದ್ದು ಕಾದಿದ್ರ ಬಿಸಲಿಗೆ ಹರವಿದ್ರಾತು, ಹುಳಾ ಹೋಗ್ತಾವ, ಜ್ವಾಳಾ ಉಳೀತಾವ. ಹಸೀ ಕಾಳ ತಾನ ಕಾದಿದ್ರ ಮುಗೀತು.”

ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಗಿ ಹುಬ್ಬಳ್ಳಿಯಲ್ಲಿ ಚಿಕಿತ್ಸೆ ನಡೆದಿತ್ತು. ಊಟ ಸೇರದೆ ಹಾಸಿಗೆ ಹಿಡಿದಿದ್ದರು. ಒಂದು ಸಲ ರಕ್ತದ ವರದಿಯಲ್ಲಿ, ಸೋಂಕಾದಾಗ ಏರುವ ಸಿಆರ್‌ಪಿ ಎಂಬ ಅಂಶ ಬಹಳ ಏರಿತ್ತು. ಕಾಕಾಗೆ ಅದೇ ಸಿಹಿ ಸುದ್ದಿಯಾಯಿತು. ಈ ನಿತ್ರಾಣವೆಲ್ಲ ಸೋಂಕಿನದು, ಗಡ್ಡೆ ಬೆಳೆದದ್ದಲ್ಲ ಎಂದು ನಂಬಿದರು. “ಹುಳಾ ಬಿದ್ದಾವ, ಅಷ್ಟರಿ,” ಎಂದು ನಕ್ಕರು. ಅವರ ಹೆಂಡತಿ, ನಮ್ಮ ಕಾಕು, ನನ್ನ ಕೈಗೂ ಸಕ್ಕರೆ ಹಾಕಿದರು.

ಡಾಕ್ಟರು ತಡಮಾಡದೆ ಸೋಂಕಿನ ಔಷಧ ಶುರು ಮಾಡಿ, ಜ್ವರ ಬಂದರೆ ಕೂಡಲೇ ತಿಳಿಸಲು ಹೇಳಿದ್ದರು. ಥರ್ಮಾಮೀಟರು ಇಟ್ಟು ನೋಡುವ ಕೆಲಸ ನನ್ನದಾಯಿತು. ಬೆಳಿಗ್ಗೆ, ಸಂಜೆ, ಹೊತ್ತು ತಪ್ಪಿಸದೆ ಹೋಗುತ್ತಿದ್ದೆ. ಪಾದರಸ ಏರುತ್ತಿರಲಿಲ್ಲ. ಕಾಕಾಗೋ ಜ್ವರ ಬೇಕಾಗಿತ್ತು. ಜ್ವರ ಬಂದರೆ ಸೋಂಕು ಖರೆ, ಸೋಂಕಾದರೆ ಇಳಿಯುವಂಥದ್ದು... ಒಂದು ಸಂಜೆ ಕಂಬಳಿ ಹೊದ್ದು, ಬಾಯಿ ಬಿಗಿದುಕೊಂಡು ನನ್ನ ದಾರಿ ನೋಡುತ್ತಿದ್ದರು. ಮಂಚದ ಕೆಳಗೆ ಚಹಾದ ಕಪ್ಪು-ಬಸಿ ಕಂಡಿತು.

“ಬಿಸಿ ಚಹಾ ಕುಡದೀರಿ. ಅರ್ಧಾ ತಾಸ ಬಿಟ್ಟು ನೋಡ್ತೇನಿ.”

“ಸಾಲ್ಯಾಗೂ ಹುಡುಗರನ್ನ ಹಿಂಗ ಕಾಡಿರೇನ್ರಿ?”

“ಕಳ್ಳಾಟ ಆಡಿದವರನ್ನಷ್ಟ ಕಾಡೇನ್ರಿ.”

ಅರ್ಧ ತಾಸಿನ ಮೇಲೆ ನೋಡಿದಾಗ ಜ್ವರ ಇರಲಿಲ್ಲ.

ಮುಂದಿನ ವರದಿಯಲ್ಲಿ ಆ ಅಂಶ ಇನ್ನೂ ಏರಿತ್ತು. ಹುಬ್ಬಳ್ಳಿಗೆ ಜೊತೆಗೆ ಹೋದೆ. ಡಾಕ್ಟರು ಸಮಾಧಾನದಿಂದ ತಿಳಿಸಿದರು. ಇಂಥ ಚಿಕಿತ್ಸೆಯಲ್ಲಿ ಜ್ವರವಿಲ್ಲದೆಯೂ ಸೋಂಕು ಇರಬಹುದು, ಅದಕ್ಕೇ ಔಷಧ ಕೊಟ್ಟು ನೋಡಿದ್ದು. ಆದರೆ ರಕ್ತದ ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ, ಸೋಂಕಿನ ಇನ್ನೊಂದು ಪರೀಕ್ಷೆ ಸರಿಯಾಗಿಯೇ ಇದೆ, ಸ್ಕ್ಯಾನಿನಲ್ಲಿ ಗಡ್ಡೆ ಹಬ್ಬಿದ್ದು ಕಾಣುತ್ತದೆ. ಸಿಆರ್‌ಪಿಯನ್ನು ಗಡ್ಡೆಯೂ ಏರಿಸುತ್ತದೆ.

ಕಾಕಾ ತಮ್ಮ ಅಂಗೈ ನೋಡಿಕೊಂಡರು.

“ಹಂಗಾರ ಕಾಳ ಕಾದಾವ,” ಎಂದರು.

ಮರುದಿನ ಸಂಜೆ ಮತ್ತೆ ಕರೆಸಿದರು. “ಇವತ್ತ ಚಹಾ ಕುಡದಿಲ್ರಿ ಮಾಸ್ತರ. ನೋಡ್ರಿ.” ನೋಡಿದೆ. ಪಾದರಸ ಏರಿರಲಿಲ್ಲ. ಎಷ್ಟಿದೆ ಎಂದು ಅವರು ಕೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು...

ಆ ಸುಗ್ಗಿಯ ಜೋಳ ಪೇಟೆಗೆ ಬರುವ ಮೊದಲೇ ಕಾಕಾ ತೀರಿಹೋದರು. ಇಂದಿಗೂ ಸಂಜೆ ಆ ಹೊತ್ತಿಗೆ ನನ್ನ ಕೈ ಕಿಸೆಯಲ್ಲಿ ಥರ್ಮಾಮೀಟರು ಹುಡುಕುತ್ತದೆ. ಬಾಜು ಮನೆಯಿಂದ ಯಾರೋ ಕರೆದಂತಾಗುತ್ತದೆ.

ಮೊನ್ನೆ ಜೋಳವನ್ನು ಮಾಳಿಗೆಯ ಮೇಲೆ ಹರವಿದೆ. ಬಿಸಿಲು ಏರಿದಂತೆ ಕರಿ ಹುಳಗಳು ಒಂದೊಂದಾಗಿ ಹೊರಬಿದ್ದು ಹರಿದು ಹೋದವು. ಹೊತ್ತು ಇಳಿದಾಗ ಕೈಯಾಡಿಸಿದರೆ ಕಾಳು ತಣ್ಣಗಿತ್ತು.

“ಹುಳಾನ ಇದ್ದೂರಿ ಕಾಕಾ,” ಬಾಯಿಗೆ ಬಂದುಬಿಟ್ಟಿತು.

ಬಾಜು ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಕಾಕು ತಿರುಗಿ ನೋಡಿದರು. ಜೋಳದ ಕಡೆ ನೋಡಿದರು. ಆಮೇಲೆ ಉಳಿದ ಬಟ್ಟೆ ಹಗ್ಗದ ಮೇಲೆಯೇ ಬಿಟ್ಟು ಕೆಳಗೆ ಇಳಿದು ಹೋದರು.