ಎರಡನೇ ಭಾಗದ ಕಾವಲುಗಾರರು

ಗೇಮುಗಳ ವಿಮರ್ಶೆ ಬರೆಯುವುದು ನನ್ನ ಕೆಲಸ. ಕಾವಲುಗಾರರ ಕಣ್ಣು ತಪ್ಪಿಸಿ ಕೋಟೆಯೊಳಗೆ ನುಸುಳುವ ಆಟವೊಂದರ ಎರಡನೇ ಭಾಗ ಬಂದಿತ್ತು. ಮೊದಲನೆಯದನ್ನು ಮೂರು ಸಲ ಗೆದ್ದವನು ನಾನು, ಹಾಗಾಗಿ ತೀರ್ಪು ಸಿದ್ಧವಾಗಿತ್ತು: ಹೊಸ ಕಾವಲುಗಾರರು ದಂಡಪಿಂಡಗಳು. ಹಳಬರು ಸದ್ದಾದರೆ ಒಬ್ಬರೇ ಹುಡುಕಿಕೊಂಡು ಬರುತ್ತಿದ್ದರು. ಇವರೋ, ಜೊತೆಗಾರನನ್ನು ಕೂಗಿ, ಅವನು ಬರುವವರೆಗೂ ಕದಲುವುದಿಲ್ಲ.

ಕೆ.ಆರ್. ಪೇಟೆಯಿಂದ ಪಾಂಡವಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತು, ಫೋನಿನಲ್ಲಿ ಎರಡನ್ನೂ ಆಡಿ ಹೋಲಿಸುತ್ತಿದ್ದೆ. ಪಕ್ಕದ ಸೀಟಿನ ಯಜಮಾನರು ಬಗ್ಗಿ ನೋಡತೊಡಗಿದರು. ಕ್ಯಾತನಹಳ್ಳಿಯವರು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ವಾಚ್‌ಮನ್ ಆಗಿದ್ದವರಂತೆ.

"ಇವ್ನ್ಯಾಕಪ್ಪಾ ಒಬ್ನೇ ಓಯ್ತಾವ್ನೆ?" ಎಂದರು, ಹಳೇ ಆಟ ನೋಡಿ.

"ಧೈರ್ಯಸ್ಥ, ಯಜಮಾನ್ರೇ. ಹೊಸ ಆಟದಲ್ಲಿ ಎಲ್ಲಾ ಪುಕ್ಕಲರು."

"ಧೈರ್ಯ ಅಲ್ಲ ಕಣಪ್ಪಾ, ಪೆದ್ದತನ. ನಾನೂ ಇಂಗೇ ಸದ್ದು ಕೇಳ್ಕಂಡು ಒಬ್ನೇ ಓಗಿದ್ದೆ." ಅಂಗಿಯ ತೋಳು ಸರಿಸಿ, ಮೊಣಕೈವರೆಗೆ ಇಳಿದಿದ್ದ ಹಳೆಯ ಗಾಯದ ಗುರುತು ತೋರಿಸಿದರು. "ಆಮ್ಯಾಕೆ ಜೊತೆಗೊಬ್ಬ ಬರೋಗಂಟ ಜಾಗ ಬುಟ್ಟು ಕದಲ್ಲಿಲ್ಲ."

ನಾನು ಹೊಸ ಆಟವನ್ನು ತೆರೆದೆ. ಅವರು ಬಿಡಲಿಲ್ಲ.

"ಹೊಸಾದ್ರಲ್ಲಿ ನೀನು ಒಳೀಕೋದ್ಯಾ?"

"ಇಲ್ಲ... ಬಾಗಿಲು ದಾಟಕ್ಕೇ ಆಗ್ತಿಲ್ಲ. ಹನ್ನೊಂದು ಸಲ ಸಿಕ್ಕಿಬಿದ್ದಿದ್ದೀನಿ."

"ಮತ್ತೆ ಅವ್ರು ಪುಕ್ಕಲರು ಎಂಗಾದ್ರು?"

ಬಸ್ಸು ಪಾಂಡವಪುರ ಸೇರುವ ಮೊದಲೇ, ಬರೆದಿಟ್ಟಿದ್ದ ವಿಮರ್ಶೆಯನ್ನು ಅಳಿಸಿ ಬೇರೆ ಬರೆದೆ: ಎರಡನೇ ಭಾಗವೇ ಮೇಲು, ಯಾಕೆಂದರೆ ಅದರ ಕಾವಲುಗಾರರಿಗೆ ಜೀವದ ಬೆಲೆ ಗೊತ್ತು. ಓದಿದವರೆಲ್ಲ ನನ್ನ ಸೂಕ್ಷ್ಮದೃಷ್ಟಿಯನ್ನು ಹೊಗಳಿದರು. ಯಜಮಾನರ ಹೆಸರು ಕೇಳಲು ಮರೆತಿದ್ದರಿಂದ, ಆ ಹೊಗಳಿಕೆಯನ್ನು ನಾನೇ ಇಟ್ಟುಕೊಳ್ಳಬೇಕಾಯಿತು.