ಲೆಕ್ಕಕ್ಕೆ ಸಿಗದ ಒಂದು ಹೆಸರು

ಬೆಳಗಿನ ಐದೂಕಾಲು. ದ್ರಾಕ್ಷಿ ಕೊಯ್ಲಿನವರನ್ನು ಒಯ್ಯುವ ವ್ಯಾನು ಕಾಮಯಗೌಂಡನ್‌ಪಟ್ಟಿಗೆ ಬರಲು ಕಾಲು ಗಂಟೆಯಿದೆ. ಅಷ್ಟರೊಳಗೆ ಆರೋಗ್ಯ ಕಾರ್ಯಕರ್ತೆ ಮಣಿಮೇಗಲೈ ಆರು ಬಾಗಿಲು ತಟ್ಟಬೇಕು.

"ಇವತ್ತು ತೋಟಕ್ಕೆ ಓಗ್ಬ್ಯಾಡ ಅಕ್ಕಾ. ಕಾಯ್ಚಲ್ ಬಂದು ಮೈ ಸುಡ್ತಿದ್ದವ್ಳ ಪಕ್ಕದಾಗೇ ನಿಂತು ಗೊಂಚಲು ಕೊಯ್ದಿದ್ದೀಯ."

"ನಿನ್ ಮೊಕ ಕಂಡ್ರೆ ಸಾಕು ತಾಯಿ, ಮನೆಗೆ ಬೀಗ!" ಒಳಗಿನಿಂದ ಗೊಣಗು.

ಇದು ೨೦೨೧ರ ಮೇ ತಿಂಗಳು. ನಲವತ್ತೇಳರ ಮಣಿಮೇಗಲೈ ತಮಿಳು ಸೀಮೆಯ ಇದೇ ಊರಿನ, ಕನ್ನಡ ಮಾತಾಡುವ ಮನೆಯವರು. ಕೊರೊನಾ ತಗುಲಿದ ಒಬ್ಬರ ಹಿಂದೆ ಹದಿನೆಂಟು-ಇಪ್ಪತ್ತು ಹೆಸರು ಹುಡುಕುತ್ತಾರೆ. ಅವರನ್ನೆಲ್ಲ ಹದಿನಾಲ್ಕು ದಿನ ಮನೆಯಲ್ಲೇ ಕೂರಿಸಿ, ದಿನಕ್ಕೆರಡು ಸಲ ಜ್ವರ ನೋಡುತ್ತಾರೆ. ಬೈಗುಳ ಬೇಕಾದಷ್ಟು; ಮೆಚ್ಚುಗೆ ಮಾತ್ರ ಇಲ್ಲ.

ಹೋದ ತಿಂಗಳು ಇದೇ ಊರಿನ ಮುತ್ತಯ್ಯ ತೀರಿಕೊಂಡರು. ಎರಡೇ ದಿನಕ್ಕೆ ಹೆಂಡತಿ ಕಾಳಿಯಮ್ಮಾಳ್‌ಗೆ ಸೋಂಕು ಗೊತ್ತಾಯಿತು. ಸಾವಿಗೆ ಬಂದವರು ಯಾರು ಯಾರೆಂದು ಕೇಳಿದಾಗ ಆಕೆ ಮೂವತ್ತೊಂದು ಹೆಸರು ಹೇಳಿದರು. ಮೂವತ್ತೊಂದು ಮಂದಿಯನ್ನೂ ಬೇರೆ ಇರಿಸಿದ್ದಾಯಿತು. ಏಳು ಜನಕ್ಕೆ ಜ್ವರ ಬಂತು, ಆದರೆ ಅವರಿಂದ ಇನ್ನೊಬ್ಬರಿಗೆ ದಾಟಲಿಲ್ಲ.

ದಾಟಿದ್ದು ಪಟ್ಟಿಯಲ್ಲಿಲ್ಲದ ಪೊನ್ನಮ್ಮಾಳ್‌ರಿಂದ. ಸಾವಿನ ಮನೆಯಿಂದ ಹೊರಡುವಾಗ ಇಲ್ಲಿ ಯಾರೂ 'ಹೋಗಿ ಬರ್ತೀನಿ' ಅನ್ನುವುದಿಲ್ಲ. ಪೊನ್ನಮ್ಮಾಳ್ ಬಂದರು, ಕಾಳಿಯಮ್ಮಾಳ್‌ರನ್ನು ತಬ್ಬಿ ಅತ್ತರು, ಸುಮ್ಮನೆ ಎದ್ದು ಹೋದರು. ಅಳುತ್ತ ತಲೆ ತಗ್ಗಿಸಿ ಕೂತವರಿಗೆ ಯಾರ ನೆನಪು ಉಳಿದೀತು, ಪಾಪ! ಪೊನ್ನಮ್ಮಾಳ್‌ಗೆ ಜ್ವರ ಬರುವ ಹೊತ್ತಿಗೆ ಗಂಡ ರಂಗಸಾಮಿಗೂ ಹತ್ತಿಕೊಂಡಿತ್ತು. ಆಕೆ ಉಳಿದರು. ರಂಗಸಾಮಿ ಒಂಬತ್ತನೇ ದಿನ ಹೋಗಿಬಿಟ್ಟರು.

"ನಾನೂ ಇದೇ ಊರೋಳು, ಯೋಳ್ದೆ ಎದ್ದೋಗೋ ಈ ವಳಕ್ಕ ನಂಗ್ ತಿಳೀದಾ? ಕಾಳಿಯಮ್ಮಾಳ್ ಅಕ್ಕನ್ನ ಕೇಳಿ ಸುಮ್ಕಾದೆ. ಬೀದಿಯೋರ್ನ ಕೇಳ್ಬೇಕಿತ್ತು," ಎನ್ನುತ್ತಾರೆ ಮಣಿಮೇಗಲೈ. ಈಗ ಸಾವಾದ ಮನೆಗಿಂತ ಮೊದಲು ಎದುರುಮನೆಗೆ, ನೀರಿನ ಕೊಳಾಯಿಗೆ ಹೋಗಿ ವಿಚಾರಿಸುತ್ತಾರೆ. ಹಾಗೆ ಮಾಡಿದ್ದಕ್ಕೆ ಕಳೆದ ವಾರ ಪಟ್ಟಿಯಿಂದ ಬಿಟ್ಟುಹೋಗಿದ್ದ ನಾಲ್ವರು ಸಿಕ್ಕರು.

ಗಂಡ ಹೋದ ಮೇಲೆ ಪೊನ್ನಮ್ಮಾಳ್ ಮಣಿಮೇಗಲೈ ಜೊತೆ ಒಂದೇ ಒಂದು ಸಲ ಮಾತಾಡಿದ್ದಾರೆ. "ಮುಂಚೇನೇ ಯೋಳಿದ್ರೆ ಅವ್ರನ್ನ ದೂರ ಮಡುಗ್ತಿದ್ನಲ್ಲೇ," ಎಂದು ಬಾಗಿಲು ಹಾಕಿಕೊಂಡವರು ಇನ್ನೂ ತೆಗೆದಿಲ್ಲ. ಆಕೆಯ ಹದಿನಾಲ್ಕು ದಿನ ಎಂದೋ ಮುಗಿದಿದೆ. ಆದರೂ ಮಣಿಮೇಗಲೈ ದಿನವೂ ಅಲ್ಲೊಂದು ಗಳಿಗೆ ನಿಲ್ಲುತ್ತಾರೆ.

ಅವರಿಗಿರುವ ಆಸೆ ಏನು?

"ಪೊನ್ನಮ್ಮಾಳ್ ಅಕ್ಕ ನನ್ನ ಬಾಯ್ತುಂಬಾ ಬಯ್ಲಿ. ಬಯ್ಯಕ್ಕಾದ್ರೂ ಬಾಗ್ಲು ತೆಗೀಬೇಕಲ್ಲ."