ಬ್ರೇಕಿನ ದಿನ ನಾನೆಲ್ಲಿದ್ದೆ

ಎಪ್ಪತ್ತರ ದಶಕದಲ್ಲಿ ನಾನು ಸಿರುಗುಪ್ಪದ ಒಂದು ಕಾಲುವೆ ಕಚೇರಿಯಲ್ಲಿ ಹಂಗಾಮಿ ಟೈಪಿಸ್ಟ್ ಆಗಿದ್ದೆ. ಹಂಗಾಮಿ ಎಂದರೆ ಎಂಬತ್ತೊಂಬತ್ತು ದಿನದ ನೌಕರಿ. ತೊಂಬತ್ತನೆಯ ದಿನ ಮನೆಯಲ್ಲಿ ಕೂರಬೇಕು, ಮರುದಿನ ಹೊಸ ಆರ್ಡರು ಹಿಡಿದು ಮತ್ತೆ ಅದೇ ಕುರ್ಚಿಗೆ ಬರಬೇಕು. ನಡುವಿನ ಆ ಒಂದು ದಿನಕ್ಕೆ ‘ಬ್ರೇಕು’ ಎಂದು ಹೆಸರು. ಸತತವಾಗಿ ದುಡಿದಿದ್ದೇವೆ, ಕಾಯಂ ಮಾಡಿ ಎಂದು ನಾಳೆ ನಾವು ಬಾಯಿ ಬಿಡಬಾರದಲ್ಲ, ಅದಕ್ಕೆ ಮೊದಲೇ ಹಾಕಿಟ್ಟ ಕತ್ತರಿ. ಕಚೇರಿಗೆ ನಾನೊಬ್ಬಳೇ ಟೈಪಿಸ್ಟ್ ಆದ್ದರಿಂದ ನನ್ನ ಬ್ರೇಕಿನ ಆರ್ಡರನ್ನೂ ನಾನೇ ಹೊಡೆದು ಸಹಿಗೆ ಇಡುತ್ತಿದ್ದೆ. ಒಂದು ತಪ್ಪೂ ಇಲ್ಲದಂತೆ ಹೊಡೆಯುತ್ತಿದ್ದೆ, ಅದೊಂದು ಕೊಬ್ಬು ನನಗೆ.

ನನ್ನ ಮನೆ ಕುರುಗೋಡಿನಲ್ಲಿ. ಅಲ್ಲಿ ಅಣ್ಣ, ಅತ್ತಿಗೆ, ಅವರ ಆಶ್ರಯದಲ್ಲಿ ಅವ್ವ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಹಿಂದಿನ ಒಂದು ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಮೊದಲ ಬ್ರೇಕಿನ ದಿನ ಊರಿಗೆ ಹೋಗಬಹುದಿತ್ತು. ನಡುವಾರದಲ್ಲಿ ಹೋದರೆ ಅತ್ತಿಗೆ ‘ಯಾಕ, ಕೆಲಸ ಹೋತೇನು?’ ಎಂದು ಕೇಳುತ್ತಾಳೆಂದು ಹೆದರಿ ಕೋಣೆಯಲ್ಲೇ ಉಳಿದೆ. ಒಂಬತ್ತು ಗಂಟೆಗೆಲ್ಲ ಬಟ್ಟೆ ಒಗೆದು ಮುಗಿದಿತ್ತು. ಸ್ಟೌವನ್ನು ಎರಡು ಸಲ ತಿಕ್ಕಿದೆ. ಕಿಟಕಿ ತೆರೆದರೆ ಹೊಟ್ಟಿನ ಧೂಳು, ಮುಚ್ಚಿದರೆ ಕತ್ತಲೆ. ಸಂಜೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಯಾರೊಂದಿಗಾದರೂ ಮಾತಾಡಿದಂತಾಗಲಿ ಎಂದು ಅಂಗಡಿಗೆ ಹೋಗಿ, ಡಬ್ಬಿ ತುಂಬ ಉಪ್ಪಿದ್ದರೂ ಮತ್ತೆ ಉಪ್ಪು ತಂದೆ.

ಎರಡನೆಯ ಬ್ರೇಕಿನ ದಿನ ಕಚೇರಿಯ ಜವಾನ ಬಾಗಿಲಿಗೆ ಬಂದ.

‘ಬಳ್ಳಾರಿಗೆ ಅರ್ಜೆಂಟ್ ಕಾಗದ ಹೋಗಬೇಕಂತ. ಹೆಡ್‌ಕ್ಲಾರ್ಕ್ ಕರ್ಯಾಕತ್ಯಾರ, ಬರ್ರಿ ಅಕ್ಕಾರ.’

ನಾನು ಆಗಲೇ ಜಡೆ ಹಾಕಿಕೊಂಡು, ಕಚೇರಿಯ ಸೀರೆ ಉಟ್ಟುಕೊಂಡು ಕುಳಿತಿದ್ದೆ. ಯಾಕೆ ಉಟ್ಟಿದ್ದೆನೋ ನನಗೇ ಗೊತ್ತಿಲ್ಲ. ಚಪ್ಪಲಿ ಮೆಟ್ಟಿ ಅವನಿಗಿಂತ ಮುಂದೆ ನಡೆದೆ.

ಹೆಡ್‌ಕ್ಲಾರ್ಕ್ ವಯಸ್ಸಾದವರು, ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿತ್ತು. ಕಾಗದ ಕೈಗೆ ಕೊಡುತ್ತ ದನಿ ತಗ್ಗಿಸಿದರು. ‘ತಂಗೀ, ಹಾಜರಿ ಪುಸ್ತಕದಾಗ ಸಹಿ ಮಾಡಬ್ಯಾಡ. ಕಾಗದದ ಕೆಳಗ ನಿನ್ನ ಅಕ್ಷರಾನೂ ಹೊಡಿಬ್ಯಾಡ. ಇವತ್ತು ನೀ ಕೆಲಸದಾಗ ಇಲ್ಲ. ಯಾರರ ನೋಡಿದ್ರ ಇಬ್ಬರಿಗೂ ತ್ರಾಸ.’

ಟೈಪು ಮಾಡಿದವರು ಪತ್ರದ ಎಡ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಹೊಡೆಯುವುದು ಕಚೇರಿಗಳ ರೂಢಿ. ಅದನ್ನು ಬಿಟ್ಟು ಪತ್ರ ಕೊಟ್ಟೆ. ಮಧ್ಯಾಹ್ನ ಅವರು ತಮ್ಮ ಬುತ್ತಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆ ಸರಿಸಿ, ‘ನೀ ಇಲ್ದಿದ್ರ ಈ ಕಚೇರಿಗಿ ಕೈನ ಇಲ್ಲ ನೋಡು’ ಎಂದರು. ಆ ಒಂದು ಮಾತಿನ ಮೇಲೆ ನಾನು ಮುಂದಿನ ಮೂರು ತಿಂಗಳು ಬದುಕಿದೆ.

ಅಲ್ಲಿಂದ ಮುಂದೆ ಬ್ರೇಕಿನ ದಿನ ಯಾರೂ ಕರೆಯಬೇಕಾಗಲಿಲ್ಲ. ಬೆಳಿಗ್ಗೆ ಎಂದಿನ ಹೊತ್ತಿಗೆ ಹೋಗಿ ಯಂತ್ರದ ಮುಂದೆ ಕೂರುತ್ತಿದ್ದೆ. ‘ಬಂದ್ಯಾ? ಬಾ’ ಎನ್ನುತ್ತಿದ್ದರು ಅವರು. ಸಹಿ ಇಲ್ಲ, ಅಕ್ಷರ ಇಲ್ಲ, ಆ ದಿನದ ಪಗಾರವೂ ಇಲ್ಲ. ಹೀಗೆ ನಾಲ್ಕು ವರ್ಷ ನಡೆಯಿತು.

ನಾಲ್ಕನೆಯ ವರ್ಷ ನಮ್ಮ ಕಚೇರಿಗೆ ಒಂದು ಕಾಯಂ ಟೈಪಿಸ್ಟ್ ಹುದ್ದೆ ಮಂಜೂರಾಯಿತು. ಎಲ್ಲರೂ ಅದು ನನ್ನದೇ ಎಂದರು, ನಾನೂ ನಂಬಿದೆ. ಆ ಭಾನುವಾರ ಕುರುಗೋಡಿಗೆ ಹೋಗಿ ಅವ್ವನಿಗೆ, ಎರಡು ಕೋಣೆಯ ಮನೆ ಹಿಡಿಯುತ್ತೇನೆ, ನೀನು ನನ್ನ ಹತ್ತಿರ ಬಂದುಬಿಡು ಎಂದೆ. ಅವ್ವ ಅಡಿಗೆ ಮನೆಯ ಕಡೆ ಒಮ್ಮೆ ನೋಡಿ, ಅತ್ತಿಗೆಗೆ ಕೇಳಿಸದಂತೆ, ‘ನಿಮ್ಮೂರಾಗ ಕುಡ್ಯಾಕ ನೀರು ಹೆಂಗ ಅದಾವ?’ ಎಂದಳು. ಅದು ಅವಳ ಒಪ್ಪಿಗೆ.

ಒಂದು ತಿಂಗಳಿಗೆ ಬಳ್ಳಾರಿಯಿಂದ ಆರ್ಡರು ಬಂತು. ಅಲ್ಲಿನ ಕಚೇರಿಯ ಕಾಯಂ ಟೈಪಿಸ್ಟ್ ಒಬ್ಬಳನ್ನು ಅವಳ ಕೋರಿಕೆಯ ಮೇಲೆ ನಮ್ಮಲ್ಲಿಗೆ ವರ್ಗ ಮಾಡಿದ್ದರು. ಹುದ್ದೆ ತುಂಬಿತು, ನನ್ನ ಅವಧಿ ಆ ತಿಂಗಳಿಗೇ ಮುಗಿಯಿತು. ಬಂದವಳ ಗಂಡ ಸಿರುಗುಪ್ಪದಲ್ಲೇ ಸಾಲಿ ಮೇಷ್ಟ್ರು; ಮದುವೆಯಾಗಿ ಎರಡು ವರ್ಷವಾದರೂ ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದರಂತೆ. ಒಳ್ಳೆಯ ಹುಡುಗಿ. ಯಂತ್ರದ ಯಾವ ಕೀಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನನ್ನನ್ನು ನಯವಾಗಿ ಕೇಳಿ ತಿಳಿದುಕೊಂಡಳು. ಅವಳನ್ನು ಬೈಯಲು ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಬೈಯಲು ಯಾರೂ ಇಲ್ಲದ ಸಂಕಟ ಏನೆಂದು ಆಗ ಗೊತ್ತಾಯಿತು.

ಜವಾನನೇ ದಾರಿ ಹೇಳಿಕೊಟ್ಟ. ‘ಸುಮ್ನ ಕುಂದರಬ್ಯಾಡ್ರಿ ಅಕ್ಕಾರ. ನಡುವ ಬಿಡದಂಗ ದುಡದವರಿಗೆ ಮೊದಲು ಕೊಡಬೇಕು, ಆಮ್ಯಾಲೆ ವರ್ಗ ಅಂತ ರೂಲ್ ಐತಂತ. ನೀವು ಬ್ರೇಕಿನ ದಿನಾನೂ ಬಂದೀರಲ್ಲ.’

ಅರ್ಜಿ ಬರೆದೆ. ವಿಚಾರಣೆಗೆ ಬಳ್ಳಾರಿಗೆ ಕರೆದರು; ಹೆಡ್‌ಕ್ಲಾರ್ಕರನ್ನೂ ಕರೆಸಿದ್ದರು. ಅಧಿಕಾರಿ ಹಾಜರಿ ಪುಸ್ತಕ ನೋಡಿದರು, ಬ್ರೇಕಿನ ದಿನಗಳ ಪತ್ರಗಳ ನಕಲು ನೋಡಿದರು. ಯಾವ ಪತ್ರದಲ್ಲೂ ನನ್ನ ಅಕ್ಷರವಿರಲಿಲ್ಲ. ಆದರೂ ಅವರು ಮೊಂಡು ಮನುಷ್ಯರಲ್ಲ. ‘ಕಚೇರ್ಯಾಗ ಬ್ಯಾರೆ ಟೈಪಿಸ್ಟ್ ಇದ್ದಿಲ್ಲ. ಅಂದಮ್ಯಾಲೆ ಇವು ನೀವ ಹೊಡದದ್ದು, ಒಪ್ಪಿದೆ’ ಎಂದು ಹೆಡ್‌ಕ್ಲಾರ್ಕರ ಕಡೆ ತಿರುಗಿದರು. ‘ಕಚೇರಿ ಕರಸಿದ್ರ ಮಾತ್ರ ಆ ದಿನ ಸೇವಾದಾಗ ಲೆಕ್ಕಕ್ಕ ಬರ್ತದ. ಈಕೀನ್ನ ನೀವು ಕರಸ್ತಿದ್ರೇನು?’

ಅವರು ಸುಳ್ಳು ಹೇಳಿದ್ದರೆ ನನಗೆ ಸಿಟ್ಟಾದರೂ ಉಳಿಯುತ್ತಿತ್ತು. ನೆಲ ನೋಡುತ್ತ, ‘ಒಂದು ಸಲ ಕರಸಿದ್ದೆರಿ. ಆಮ್ಯಾಲೆ ಆಕಿನ ಬರ್ತಿದ್ಲು’ ಎಂದರು. ಅದು ನಿಜವೇ ಆಗಿತ್ತು.

‘ಸಹಿ ಇಲ್ಲ, ಪಗಾರ ಇಲ್ಲ, ಕರದವರೂ ಇಲ್ಲ’ ಎಂದರು ಅಧಿಕಾರಿ. ‘ಮತ್ತ ಯಾಕ ಹೋಗ್ತಿದ್ರಿ ತಾಯಿ?’

ಕೆಲಸ ಬಿದ್ದಿರುತ್ತಿತ್ತು, ಬರದಿದ್ದರೆ ಮುಂದಿನ ಆರ್ಡರು ಸಿಗುವುದಿಲ್ಲವೆಂಬ ಭಯವಿತ್ತು, ಹೀಗೆ ಏನಾದರೂ ಹೇಳಬಹುದಿತ್ತು. ಹೇಳಲಿ ಎಂಬಂತೆ ಹೆಡ್‌ಕ್ಲಾರ್ಕರೂ ಮುಖವೆತ್ತಿ ನನ್ನನ್ನು ನೋಡಿದರು. ಆದರೆ ನನಗೆ ಅಷ್ಟು ಮೆತ್ತಗೆ ಯಾರೂ ಬಹಳ ದಿನದಿಂದ ಏನನ್ನೂ ಕೇಳಿರಲಿಲ್ಲ.

‘ಕೋಣ್ಯಾಗ ಒಬ್ಬಾಕಿನ ಕುಂದ್ರಾಕ ಆಗ್ತಿದ್ದಿಲ್ರಿ.’

ಅಧಿಕಾರಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಪಕ್ಕದ ಗುಮಾಸ್ತನಿಗೆ ಹೇಳಿ ಬರೆಸಿದರು: ‘ಅರ್ಜಿದಾರರು ಸದರಿ ದಿನಗಳಂದು ಸ್ವಂತ ಇಚ್ಛೆಯಿಂದ ಕಚೇರಿಗೆ ಬಂದಿರುತ್ತಾರೆ.’ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಎರಡು ಸಲ ಓದಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡಿಕೊಟ್ಟೆ. ಅವ್ವನಿಗೆ ಏನು ಹೇಳಬೇಕೆಂದು ಬಸ್ಸು ಕುರುಗೋಡು ಮುಟ್ಟುವವರೆಗೂ ಹೊಳೆಯಲಿಲ್ಲ.